ನಾಲ್ಕು ಹುಣಸೆ ಬೀಜ ಹೆಚ್ಚಾದ ಚಿತ್ರದ ಕುರಿತು

ಇಂದ:
ಚೊ. ತೇನಮ್ಮೈ, ಬಿ.ಎ. (ಇತಿಹಾಸ),
ಪಿಳ್ಳೈಯಾರ್ ಕೋವಿಲ್ ಬೀದಿ, ದೇವಕೋಟ್ಟೈ.

ಗೆ:
ಕಾರ್ಯದರ್ಶಿಗಳು,
ನೆರಳು ಛಾಯಾಗ್ರಾಹಕರ ಸಂಘ, ಕಾರೈಕುಡಿ.

ವಿಷಯ: "ಕ್ಯಾಮೆರಾದೊಳಗಿನ ಕೈಚಳಕ" ವಿಭಾಗದಿಂದ ನನ್ನ ಚಿತ್ರವನ್ನು ಹೊರಹಾಕಿರುವ ಬಗ್ಗೆ.

ಉಲ್ಲೇಖ: ೧) ತಮ್ಮ ತಿರಸ್ಕಾರ ಪತ್ರ. ೨) ಅದನ್ನು ಕೊಡುವಾಗ ತಾವು ನಕ್ಕ ನಗು.

ಮಾನ್ಯರೇ,

ಲಿಖಿತವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಚಿತ್ರದಲ್ಲಿ ನನ್ನ ಅಪ್ಪತ್ತಾ, ಅಂದರೆ ತಂದೆಯ ತಾಯಿ ಉಮೈಯಾಳ್, ಪಲ್ಲಾಂಗುಳಿ, ಅಂದರೆ ಅಳಗುಳಿ ಮಣೆಯ ಎರಡೂ ಬದಿಯಲ್ಲಿ ತಾವೇ ಕೂತು ಆಡುತ್ತಿದ್ದಾರೆ. ಜೊತೆಗಾತಿಯಾಗಿದ್ದ ತಂಗಿ ತೀರಿಕೊಂಡ ಮೇಲೆ ಅವರು ನಿಜಕ್ಕೂ ಆಡುವುದು ಹೀಗೆಯೇ. ಈಚೆ ಬೀಜ ಬಿತ್ತಿ, ಮಂಡಿ ಹಿಡಿದುಕೊಂಡು ಎದ್ದು, ಆಚೆ ಹೋಗಿ ಕೂರುತ್ತಾರೆ.

೨. ಲೆನ್ಸಿನ ಬಲ ಅರ್ಧಕ್ಕೆ ಕಪ್ಪು ರಟ್ಟು ಹಿಡಿದು ಎಡಬದಿಯ ಅಪ್ಪತ್ತಾ ಅವರನ್ನು ತೆಗೆದೆ. ರೀಲು ಸುತ್ತದೆ, ಅವರನ್ನು ಬಲಕ್ಕೆ ಕೂರಿಸಿ, ರಟ್ಟನ್ನು ಎಡಕ್ಕೆ ಸರಿಸಿ, ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ ಒತ್ತಿದೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ.

೩. ಆದಾಗ್ಯೂ ತಾವು ಭೂತಗನ್ನಡಿ ಹಿಡಿದು ಬೀಜ ಎಣಿಸಿದಿರಿ. "ಹದಿನಾಲ್ಕು ಗುಳಿ, ಗುಳಿಗೆ ಐದು. ಎಪ್ಪತ್ತಿರಬೇಕು. ಇಲ್ಲಿ ಎಪ್ಪತ್ನಾಲ್ಕಿದೆಯಲ್ಲಮ್ಮಾ! ಸಾಫ್ಟ್‌ವೇರ್‌ನಲ್ಲಿ ಅಂಟಿಸೋವಾಗ ಕೈ ಜಾರಿತಾ?" ಎಂದಿರಿ. ಈ ಸೂಕ್ಷ್ಮದೃಷ್ಟಿಗೆ ವಂದನೆಗಳು. ಪ್ರಥಮ ಬಹುಮಾನದ ಚಿತ್ರದಲ್ಲಿ ಹನ್ನೊಂದು ಕೊಕ್ಕರೆಗಳು ಒಂದೇ ಕಾಲನ್ನು ಒಂದೇ ಎತ್ತರಕ್ಕೆ ಎತ್ತಿ, ಒಂದೇ ಮೀನನ್ನು ಹನ್ನೊಂದು ಕಡೆ ಕಚ್ಚಿಕೊಂಡಿರುವುದನ್ನು ಅದೇ ದೃಷ್ಟಿ "ಹಕ್ಕಿಗಳ ಶಿಸ್ತು" ಎಂದು ಮೆಚ್ಚಿತು.

೪. ಕಾರಣ, ಮನೆಯಲ್ಲಿ ವಿಚಾರಣೆ ನಡೆಸಲಾಯಿತು.

"ಅಪ್ಪತ್ತಾ, ನಾನು ರಟ್ಟು ಸರಿಸೋವಾಗ ಎಡಗಡೆಯಿಂದ ನಾಲ್ಕು ಬೀಜ ಎತ್ತಿ ಬಲಗಡೆ ಹಾಕಿದ್ಯಾ?"

"ನಾನ್ಯಾಕೇ ಹಾಕ್ಲಿ? ಎರಡು ಕಡೆಗೂ ನಾನೇ. ಯಾರಿಗೇ ಮೋಸ ಮಾಡ್ಲಿ?"

"ಮತ್ತೆ ಬಲಗಡೆಯವಳು ಯಾಕೆ ಹಾಗೆ ಹಲ್ಲು ಬಿಡ್ತಿದಾಳೆ?"

ಅಪ್ಪತ್ತಾ ಚಿತ್ರದ ಬಲಬದಿಯ ಮೇಲೆ ಬೆರಳಿಟ್ಟರು. "ಅದು ನನ್ನ ತಂಗಿ ಬದಿ ಕಣೇ. ಬದುಕಿದ್ದಾಗ ಒಂದಾಟಾನೂ ಗೆಲ್ಲೋಕೆ ಬಿಡಲಿಲ್ಲ ನಾನು, ಪಾಪಿ."

"ಇದನ್ನೇ ಸಂಘದಲ್ಲಿ ಬಂದು ಹೇಳು. ನನ್ನನ್ನ ಸುಳ್ಳಿ ಅಂತಿದಾರೆ."

"ಹೇಳಿದ್ರೆ ನಾನು ಬಿಟ್ಟುಕೊಟ್ಟ ಹಾಗಾಯ್ತು. ಅವಳು ಗೆದ್ದ ಹಾಗಾಗುತ್ತಾ? ಕಂಪ್ಯೂಟರ್ ಮಾಡ್ತು ಅಂತ ಬರ್ಕೊಟ್ಟುಬಿಡು, ತಾಯಿ. ಗೋಡೆ ಮೇಲೆ ಹಾಕ್ಲಿ ಸಾಕು."

೫. ನಾಲ್ಕು ಬೀಜಗಳು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ, ಒಂದೇ ಫಿಲ್ಮಿನ ಮೇಲೆ ಎರಡು ಸಲ ಬಿದ್ದ ಬಗೆ ಇದು. ಓದಿದ ಕೂಡಲೇ ಅಂಶ ೪ನ್ನು ಮರೆಯತಕ್ಕದ್ದು.

ಆದ್ದರಿಂದ, ನಾನು ಸುಳ್ಳಿ ಎಂಬ ತಮ್ಮ ತೀರ್ಮಾನವನ್ನು ಈ ಮೂಲಕ ಒಪ್ಪಿಕೊಂಡು, ಚಿತ್ರವನ್ನು "ಕಂಪ್ಯೂಟರ್ ಕಲೆ" ವಿಭಾಗಕ್ಕೆ ವರ್ಗಾಯಿಸಿ, ಭಾನುವಾರದ ಪ್ರದರ್ಶನದಲ್ಲಿ ತೂಗುಹಾಕಬೇಕಾಗಿ ಪ್ರಾರ್ಥನೆ. ಆ ವಿಭಾಗದ ನಮೂನೆಯಲ್ಲಿ "ಬಳಸಿದ ತಂತ್ರಾಂಶ" ಎಂಬ ಕಡ್ಡಾಯ ಅಂಕಣವಿದ್ದು, ಒಂದರ ಹೆಸರೂ ನನಗೆ ತಿಳಿಯದ ಕಾರಣ, ದಯವಿಟ್ಟು ತಾವೇ ತುಂಬಿಕೊಳ್ಳುವುದು.

ತಮ್ಮ ತೀರ್ಪಿನ ಪ್ರಕಾರ ಅವಿಶ್ವಾಸಿ,
ಚೊ. ತೇನಮ್ಮೈ

ಅಡಕ: ನೆಗೆಟಿವ್ ಒಂದು. ಕಪ್ಪು ರಟ್ಟು ಒಂದು. ಅಪ್ಪತ್ತಾ ಅವರ ಹೇಳಿಕೆ (ಸಹಿ ನಿರಾಕರಿಸಲಾಗಿದೆ).

ವಿ.ಸೂ.: ಭಾನುವಾರ ವಯಸ್ಸಾದ ಹೆಂಗಸೊಬ್ಬರು ಚಿತ್ರದ ಮುಂದೆ ನಿಂತು ಈ ಆಟದಲ್ಲಿ ಯಾರು ಗೆದ್ದರು ಎಂದು ಕೇಳಿದರೆ, ಬಲಬದಿಯವರು ಎಂದು ಉತ್ತರಿಸತಕ್ಕದ್ದು.