ಕ್ಯಾಸೆಟ್ಟಿಗೊಂದು ಆಯುಧಪೂಜೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ವಿಡಿಯೋ ಗೇಮಿನ ವಿಷಯ ಬರೆಯುವವರಿಗೆ ಅದನ್ನು ಆಡಿ ಗೊತ್ತಿರಬೇಕು, ನನಗೆ ಗೊತ್ತಿಲ್ಲ. ನಗಿಸಲು ಹೊರಟವರಿಗೆ ಧೈರ್ಯ ಬೇಕು. ಅದೂ ನನಗೆ ಕಡಿಮೆ. ಆದರೂ ಅಮೆರಿಕದ ಸೆಂಟರ್‌ವಿಲ್‌ನ ಬದರಿನಾಥನಿಗೆ ಆದದ್ದನ್ನು ಬೇರೆ ಯಾರೂ ಬರೆದಂತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

2017ರ ಆಯುಧಪೂಜೆಯ ಶುಕ್ರವಾರ ಬೆಳಿಗ್ಗೆ ಬದರಿನಾಥ ತನ್ನ ಆಫೀಸಿನ ಬ್ಯಾಗನ್ನು ಟೀವಿಯ ಪಕ್ಕ ಇಟ್ಟು ಸ್ನಾನಕ್ಕೆ ಹೋದ. ಎಲ್ಲಕ್ಕೂ ಅದೇ ಕಾರಣ.

ಅವನ ಕಂಪನಿ ಹಳೆಯ ವಿಡಿಯೋ ಗೇಮುಗಳಿಗೆ ಮರುಜೀವ ಕೊಟ್ಟು, ಈಗಿನ ಹುಡುಗರು ಫೋನಿನಲ್ಲಿ ಆಡುವಂತೆ ಮಾಡುತ್ತಿತ್ತು. ಹೊಸದು ಹಳೆಯದರ ಹಾಗೆಯೇ ಇದೆಯೇ ಎಂದು ನೋಡುವುದು ಬದರಿನಾಥನ ಕೆಲಸ. ಎಂಟು ತಿಂಗಳಿಂದ ಅವನ ಕೈಯಲ್ಲಿದ್ದದ್ದು ಒಂದೇ ಗೇಮ್. ಅದರಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಹಸಿರು ಮೊಸಳೆಗಳ ಬೆನ್ನ ಮೇಲೆ ಜಿಗಿಯುತ್ತ ನದಿ ದಾಟಿ ಕಾಗದ ಹಂಚುತ್ತಾನೆ. ಆ ಪೋಸ್ಟ್‌ಮ್ಯಾನನ ಟೋಪಿಯಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದೂ ಬದರಿನಾಥನಿಗೆ ಬಾಯಿಪಾಠವಾಗಿತ್ತು.

1983ರಲ್ಲಿ ಆ ಗೇಮ್ ಮಾಡಿದ ಹಾರ್ಗ್ರೋವ್ ಎಂಬ ವಯಸ್ಸಾದವರು ಅಂದು ಮಧ್ಯಾಹ್ನ ಮೂರಕ್ಕೆ ಕ್ಯಾರೊಲಿನಾದಿಂದ ಬರುವವರಿದ್ದರು. ಹಳೆಯದು, ಹೊಸದು ಎರಡನ್ನೂ ನೋಡಿ "ಎರಡೂ ಒಂದೇ" ಎಂದು ಅವರು ಸಹಿ ಹಾಕಿದರೆ ಬದರಿನಾಥನಿಗೆ ಡಿಸೆಂಬರಿನಲ್ಲಿ ರಜೆ. ಮೈಸೂರಿನಲ್ಲಿ ತಂಗಿ ಮೈಥಿಲಿಯ ಮದುವೆ. ಸಹಿ ಇಲ್ಲದಿದ್ದರೆ ರಜೆಯೂ ಇಲ್ಲ ಎಂದು ಮ್ಯಾನೇಜರ್ ಕೆವಿನ್ ಎರಡು ಸಲ ಹೇಳಿದ್ದ. ಹಳೆಯ ಗೇಮ್ ಇದ್ದದ್ದು ಟೀವಿಗೆ ಜೋಡಿಸಿದ ಡಬ್ಬಕ್ಕೆ ಸಿಕ್ಕಿಸುವ ಅಂಗೈಯಗಲದ ಪ್ಲಾಸ್ಟಿಕ್ ಕ್ಯಾಸೆಟ್ಟಿನಲ್ಲಿ; ಅದು ಕಂಪನಿಗೆ ಸಿಕ್ಕಿದ್ದು ಒಂದೇ ಒಂದು. ಕೊನೆಯ ಸಲ ನೋಡಿಬಿಡೋಣ ಎಂದು ಬದರಿನಾಥ ಅದನ್ನು ಹಿಂದಿನ ದಿನ ಆ ಬ್ಯಾಗಿನಲ್ಲಿ ಮನೆಗೆ ತಂದಿದ್ದ.

ಸ್ನಾನ ಮುಗಿಸಿ ಬಂದರೆ ದೇವರ ಮುಂದೆ ಕಾರಿನ ಕೀ, ಮಿಕ್ಸಿ, ಈಳಿಗೆಮಣೆ, ಲ್ಯಾಪ್‌ಟಾಪ್ ಸಾಲಾಗಿ ಕುಳಿತಿದ್ದವು. ಕೊನೆಯಲ್ಲಿ, ಹೂ ಮುಡಿದು, ಕ್ಯಾಸೆಟ್.

"ಶೈಲೂ! ಇದನ್ಯಾಕೆ ಇಟ್ಟೆ?"

"ನಿಮ್ಮ ಹೊಟ್ಟೆಪಾಡು ಅದೇ ಅಲ್ವಾ?" ಎಂದಳು ಹೆಂಡತಿ ಶೈಲಜಾ. "ಮಿಕ್ಸಿಗೆ ಮಾಡಿ ಅದಕ್ಕೆ ಮಾಡ್ದೇ ಇರಕ್ಕಾಗತ್ತಾ?"

"ಕುಂಕುಮ ಎಲ್ಲಿಗೆ ಹಚ್ಚಿದೆ?"

"ಮೇಲೆ ಹಚ್ಚಿದ್ರೆ ಸ್ಟಿಕರ್ ಹಾಳಾಗತ್ತೆ ಅಂತ ಅದರ ಬಾಯೊಳಗೆ ಹಚ್ಚಿದೀನಿ. ಅರಿಶಿನ ಕಲಸಿ. ಕೇರ್‌ಫುಲ್ಲಾಗೇ ಹಚ್ಚಿದೀನಿ ರೀ."

ಡಬ್ಬಕ್ಕೆ ತಾಗಿ ಗೇಮ್ ಓಡಿಸುವ ಹಿತ್ತಾಳೆ ಬಣ್ಣದ ಹಲ್ಲುಗಳು ಇದ್ದದ್ದು ಆ ಬಾಯೊಳಗೇ. ಅವು ಎಲೆ ಅಡಿಕೆ ಜಗಿದ ಅಜ್ಜಿಯ ಹಲ್ಲಿನಂತೆ ಕೆಂಪಗಾಗಿದ್ದವು. ಬದರಿನಾಥ ಕೈ ಚಾಚಿದ. ಶೈಲಜಾ ತಡೆದಳು.

"ಪೂಜೆಗಿಟ್ಟಿದ್ದು ನಾಳೆ ವಿಜಯದಶಮಿವರೆಗೂ ಕದಲಿಸೋ ಹಾಗಿಲ್ಲ. ಇವತ್ತು ವರ್ಕ್ ಫ್ರಮ್ ಹೋಮ್ ಮಾಡಿ."

"ಮೈಥಿಲಿ ಮದ್ವೆಗೆ ಹೋಗೋದು ಬೇಡ್ವಾ?"

ಅಷ್ಟರಲ್ಲಿ ಪಕ್ಕದ ಮನೆಯ ರೇಣುಕಾದೇವಿ ಆಂಟಿ ಅರಿಶಿನ ಕುಂಕುಮಕ್ಕೆಂದು ಬಂದರು. ಧಾರವಾಡದ ಕಡೆಯವರು. ಡಾಕ್ಟರಿಕೆ ಬಿಟ್ಟು ಹತ್ತು ವರ್ಷವಾದರೂ ಔಷಧದ ಚೀಟಿ ಬರೆದುಕೊಡುವ ದನಿ ಅವರನ್ನು ಬಿಟ್ಟಿರಲಿಲ್ಲ.

"ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಕಾರಿಗೂ ಪೂಜಿ ಮಾಡೀರಿಲ್ಲ? ಗಾಲಿ ಕೆಳಗ ಲಿಂಬಿಹಣ್ಣ ಇಟ್ಟು ಒಡಸಿ, ಆಮ್ಯಾಲೆ ಓಡಸೂದಿಲ್ಲೇನು? ಇದಕ್ಕೂ ಹಂಗ ಮಾಡ್ರಿ. ದೋಷ ಇಲ್ಲ."

"ಆಂಟಿ, ಇದಕ್ಕೆ ಗಾಲಿ ಇಲ್ಲ."

"ಗಾಲಿ ಇಲ್ಲಂದ್ರ ಕೈಲೆ ಒತ್ರಿ!"

ಶೈಲಜಾಗೆ ಸಮಾಧಾನವಾಯಿತು. ಬದರಿನಾಥ ಕ್ಯಾಸೆಟ್ಟನ್ನು ನಿಂಬೆಹಣ್ಣಿನ ಮೇಲಿಟ್ಟು ಒತ್ತಿದ. ಹಣ್ಣು ಜಾರಿತು. ಇನ್ನಷ್ಟು ಜೋರಾಗಿ ಒತ್ತಿದ. ಹಣ್ಣು ಒಡೆದು, ಗುರಿಯಿಟ್ಟು ಹೊಡೆದ ಹಾಗೆ ರಸವೆಲ್ಲ ಕ್ಯಾಸೆಟ್ಟಿನ ಬಾಯೊಳಗೆ ಹೋಯಿತು.

"ಭಾಳ ಛಲೋ ಆತು," ಎಂದರು ಆಂಟಿ.

ಬದರಿನಾಥ ಚೀರಿದ ಸದ್ದು ಕೇಳಿ ಎದುರುಮನೆಯ ದತ್ತಾತ್ರೇಯ ಬಂದ. "ಫೋನ್ ನೀರಿಗೆ ಬಿದ್ರೆ ಏನ್ ಮಾಡ್ತೀವಿ ಸಾರ್? ಅಕ್ಕಿ ಡಬ್ಬಕ್ಕೆ ಹಾಕಿ." ಎರಡು ಗಂಟೆ ಸೋನಾ ಮಸೂರಿಯೊಳಗೆ ಹುದುಗಿದ್ದ ಕ್ಯಾಸೆಟ್ಟನ್ನು ತೆಗೆದು ಅಲುಗಾಡಿಸಿದರೆ ಗಿಲಕಿಯಂತೆ ಸದ್ದು ಮಾಡಿತು. ಒಳಗೆ ಅಕ್ಕಿ ಸೇರಿತ್ತು.

"ಚಿಕ್ಕೋರಿದ್ದಾಗ ನಾವು ಉಫ್ ಅಂತ ಊದ್ತಿದ್ವಿ, ಅಷ್ಟೇ," ಎಂದು ದತ್ತಾತ್ರೇಯ ಅದನ್ನು ಬಾಯಿಗೆ ಒಯ್ದ.

"ಪೂಜೆ ಮಾಡಿದ್ದನ್ನ ಎಂಜಲು ಮಾಡ್ಬೇಡಿ!" ಎಂದು ಶೈಲಜಾ ಕಿತ್ತುಕೊಂಡು, ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿದಳು. ಒಂದೆರಡು ಅಕ್ಕಿಕಾಳು ಹಾರಿದವು. ಕುಂಕುಮ ಇನ್ನೂ ಒಳಕ್ಕೆ ಹೋಯಿತು. ಹಾಕಿ ನೋಡಲು ಸಮಯವಿರಲಿಲ್ಲ. ಬದರಿನಾಥ ಕಾರು ಹತ್ತಿದ. ದಾರಿಯುದ್ದಕ್ಕೂ ಕಾರಿನೊಳಗೆ ಉಪ್ಪಿನಕಾಯಿಯ ವಾಸನೆ.

ಆಫೀಸಿನಲ್ಲಿ ಮೊದಲು ಹೊಸ ಗೇಮ್ ಓಡಿತು. ಹಾರ್ಗ್ರೋವ್ ಸುಮ್ಮನೆ ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು. "ಈಗ ಹಳೇದು," ಎಂದ ಕೆವಿನ್.

ಪರದೆ ನಡುಗಿತು. ಪೋಸ್ಟ್‌ಮ್ಯಾನ್ ಮುಖವೆಲ್ಲ ಕೆಂಪಗೆ ಮಾಡಿಕೊಂಡು ನಿಂತ. ಮೊಸಳೆಗಳು ಮಾಗಿದ ಬಾಳೆಹಣ್ಣಿನಂತೆ ಹಳದಿಯಾಗಿ ತೇಲಿಬಂದವು. ಜಿಗಿದ ಪೋಸ್ಟ್‌ಮ್ಯಾನ್ ಪರದೆಯಾಚೆ ಹೋದವನು ಎಷ್ಟೋ ಹೊತ್ತಿನ ಮೇಲೆ, ಎಲ್ಲೋ ಕಾಫಿ ಕುಡಿದು ಬಂದವನಂತೆ ನಿಧಾನವಾಗಿ ಕೆಳಗಿಳಿದ. ಬದರಿನಾಥನ ಮುಖ ಒಗೆದ ಪಂಚೆಯಂತೆ ಬಿಳಿಚಿತು.

ಹಾರ್ಗ್ರೋವ್ ಎದ್ದು ನಿಂತರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಹಳದಿ ಮೊಸಳೆ! ಮೂವತ್ತನಾಲ್ಕು ವರ್ಷದಿಂದ ಹೇಳ್ತಿದೀನಿ, ನಾನು ಮಾಡಿದ ಮೊಸಳೆ ಹಳದಿ ಅಂತ. ನನ್ನ ಹೆಂಡತಿ ಕೂಡ ನಂಬಲಿಲ್ಲ. ಇವತ್ತೂ ಹಸಿರಿಗೇ ಸಹಿ ಹಾಕಕ್ಕೆ ಹೊರಟಿದ್ದೆ."

ಬದರಿನಾಥನಿಗೆ ಸುಮ್ಮನಿರಲಾಗಲಿಲ್ಲ. "ಸರ್, ಅದು... ಬೆಳಿಗ್ಗೆ ಮನೇಲಿ ಒಂದು ನಿಂಬೆಹಣ್ಣು..."

"ಅದೇ! ನಿಂಬೆಹಣ್ಣಿನ ಬಣ್ಣವೇ! ಈ ಹುಡುಗನಿಗೆ ಕಣ್ಣಿದೆ!" ಹಾರ್ಗ್ರೋವ್ ಅವನನ್ನು ತಬ್ಬಿಕೊಂಡರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಹೊಸ ಗೇಮಿನ ಕಡೆ ಬೆರಳು ಮಾಡಿದರು. "ಅದು ನನ್ನ ಗೇಮ್ ಅಲ್ಲ."

"ಎಂಟು ತಿಂಗಳು ಹಸಿರು ಅಂತ ಬರೆದಿದ್ಯಲ್ಲ ಬದ್ರಿ," ಎಂದ ಕೆವಿನ್. "ಹಳದಿ ಮಾಡು. ರಜೆ ಆಮೇಲೆ ನೋಡೋಣ."

ಸೋಮವಾರದ ಹೊತ್ತಿಗೆ ಕ್ಯಾಸೆಟ್ ಒಣಗಿ, ಮೊಸಳೆಗಳು ಮತ್ತೆ ಹಸಿರಾದವು. ಬದರಿನಾಥನಿಗೆ ಜೀವ ಬಂದಂತಾಯಿತು. ಅರಿಶಿನ, ಕುಂಕುಮ, ನಿಂಬೆರಸ, ಅಕ್ಕಿ, ಡ್ರೈಯರ್ ಎಲ್ಲವನ್ನೂ ಕ್ರಮವಾಗಿ ಬರೆದು, ತಪ್ಪೊಪ್ಪಿಕೊಂಡು ಕೆವಿನ್‌ಗೆ ಕಳಿಸಿದ. ಕೆವಿನ್ ಅದನ್ನು ಹಾರ್ಗ್ರೋವ್‌ಗೆ ಕಳಿಸಿದ. ಸಂಜೆಯೊಳಗೆ ಉತ್ತರ ಬಂತು: ಮತ್ತೆ ಹಸಿರಾಗಿದ್ದರೆ ಕ್ಯಾಸೆಟ್ ಕೆಟ್ಟಿದೆ; ಅರಿಶಿನ, ನಿಂಬೆರಸದ ಈ ರಿಪೇರಿ ಬದರಿನಾಥನೊಬ್ಬನಿಗೇ ಗೊತ್ತಿರುವ ಹಾಗಿದೆ; ಹೊಸದು ಸರಿಯಾಗುವವರೆಗೆ ಇವನು ಎಲ್ಲಿಗೂ ಹೋಗಬಾರದು.

ಮೈಥಿಲಿಯ ಮದುವೆಯನ್ನು ಬದರಿನಾಥ ಫೋನಿನಲ್ಲಿ ನೋಡಿದ. ಧಾರೆಯ ಹೊತ್ತಿಗೆ ಅವನ ಬೆರಳಲ್ಲಿ ಅರಿಶಿನವಿತ್ತು; ಅದು ಆಫೀಸಿನ ಕ್ಯಾಸೆಟ್ಟಿಗೆ ಹಚ್ಚಿದ್ದು.

1983ರಲ್ಲಿ ಆ ಮೊಸಳೆಗಳು ನಿಜವಾಗಿ ಯಾವ ಬಣ್ಣದವು? ಹಾರ್ಗ್ರೋವ್ ಅವರ ಅಂದಿನ ಟೀವಿಯೇ ಕೆಟ್ಟಿತ್ತೋ, ಮನಸ್ಸು ಆಮೇಲೆ ಬಣ್ಣ ಬಳಿದುಕೊಂಡಿತೋ? ಇಬ್ಬರು ಮೂವರನ್ನು ಕೇಳಿದೆ. ನನಗೆ ತಿಳಿಯಲಿಲ್ಲ.