ಕಂಡಕ್ಟರಮ್ಮನ ಅರವತ್ತೊಂದು ರೈಟು

ನಿಘಂಟಪ್ಪನವರಿಗೆ ಒಂದು ಕೊರಗಿತ್ತು. ಮೂವತ್ತೊಂದು ವರ್ಷ ನಿಘಂಟು ಕಚೇರಿಯಲ್ಲಿ ಕೂತು, ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಬರೆದು ಬೆನ್ನು ಬಗ್ಗಿಸಿಕೊಂಡಿದ್ದ ಅವರು, 'ರೈಟ್' ಎಂಬ ಅಂಗೈಯಗಲದ ಪದಕ್ಕೆ ಇಪ್ಪತ್ಮೂರೇ ಅರ್ಥ ಕೊಟ್ಟು ಕೈತೊಳೆದುಕೊಂಡಿದ್ದರು. ಸರಿ, ಬಲಗಡೆ, ಹಕ್ಕು, ನ್ಯಾಯ, ನೆಟ್ಟಗೆ, ಕೂಡಲೇ ಇತ್ಯಾದಿ. ನಿವೃತ್ತಿಯಾದ ಎರಡನೇ ವರ್ಷ ಅದೇ ಪದ ಅವರ ಮನೆಯಲ್ಲಿ ಬಂದು ಠಿಕಾಣಿ ಹೂಡಿತು. ನಿನ್ನ ಇಪ್ಪತ್ಮೂರು ಯಾವ ಮೂಲೆಗೂ ಸಾಲದು ಎಂದು ದಿನಬೆಳಗಾದರೆ ಅವರನ್ನು ಹಂಗಿಸತೊಡಗಿತು.

ಅವರ ಹೆಂಡತಿ ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬೀದಿಯವರಿಗೆಲ್ಲ ಕಂಡಕ್ಟರಮ್ಮ. ಬಾಗಿಲ ಕಂಬಿ ಹಿಡಿದು ಆಕೆ 'ರೈಟ್' ಅಂದರೆ ಬಸ್ಸು ಹೊರಡಬೇಕು, ನಿಂತವರು ಒಳಗೆ ಸರಿಯಬೇಕು, ಕಾಲು ಚಾಚಿ ಕೂತವರು ಕಾಲು ಮಡಚಿಕೊಳ್ಳಬೇಕು. ಮನೆಗೆ ಬಂದ ಮೇಲೆ ಆ ದಿನ ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು, ತುಳಿಸಿಕೊಂಡವರು ಏನಂದರು ಎಂಬುದೆಲ್ಲ ಸವಿಸ್ತಾರವಾಗಿ ಬಿತ್ತರವಾಗುತ್ತಿತ್ತು. ನಿಘಂಟಪ್ಪನವರು ಕರಡು ತಿದ್ದುತ್ತಾ ತಲೆಯೆತ್ತದೆ ಹೇಳುತ್ತಿದ್ದದ್ದು ಒಂದೇ ಮಾತು: "ಸ್ವಲ್ಪ ಹೊತ್ತು ಸುಮ್ನಿರೇ, ಕೆಲಸ ಮಾಡ್ತಿದ್ದೀನಿ." (ಈ ಮಾತನ್ನು ಎಷ್ಟು ಸಾವಿರ ಸಲ ಆಡಿದ್ದರೋ. ಈಗ ನೆನೆದರೆ ಅವರಿಗೆ ಅನ್ನ ಸೇರುವುದಿಲ್ಲ.)

ಏಳು ತಿಂಗಳ ಹಿಂದೆ, ಒಂದು ಬೆಳಗ್ಗೆ, ಒಗೆದ ಬಟ್ಟೆ ಮಡಚುತ್ತಿದ್ದ ಕಂಡಕ್ಟರಮ್ಮ ಕೈಯಲ್ಲಿ ದಿಂಬಿನ ಚೀಲ ಹಿಡಿದಂತೆಯೇ ನೆಲಕ್ಕೆ ಕುಸಿದರು. ಲಕ್ವ ಎಂದರು ಆಸ್ಪತ್ರೆಯವರು. ಬಲಗೈ, ಬಲಗಾಲು ಸೋತವು. ಕಾಲು ನಿಧಾನವಾಗಿ ಮಾತು ಕೇಳತೊಡಗಿತು, ಕೈ ಅರ್ಧಂಬರ್ಧ. ಮಾತು ಮಾತ್ರ ಹೋದದ್ದು ಹೋಗೇ ಬಿಟ್ಟಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ತಲೆಯೊಳಗೆ ಎಲ್ಲವೂ ಇದೆ, ಬಾಯಿಗೆ ಬರುವುದಿಲ್ಲ. ಎರಡು ವಾರದ ಮೇಲೆ ಹಾಸಿಗೆಯಲ್ಲಿ ಎದ್ದು ಕೂತು ಆಕೆ ಆಡಿದ ಮೊದಲ ಮಾತು "ರೈಟ್." ಅಪ್ಪ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ಇನ್ನೇನು ಬಸ್ಸು ಹೊರಟಿತು ಎಂದುಕೊಂಡರು. ಹೊರಡಲಿಲ್ಲ. ಆವತ್ತಿನಿಂದ ಆಕೆಯ ಬಾಯಲ್ಲಿ ಉಳಿದದ್ದು ಅದೊಂದೇ.

ನೀರಿಗೂ ರೈಟ್, ಟೀಗೂ ರೈಟ್, ಬೇಡ ಅನ್ನಲೂ ರೈಟ್, ಮಗಳು ತಲೆ ಬಾಚುವಾಗ ಕೂದಲು ಸಿಕ್ಕಿಕೊಂಡರೂ ರೈಟ್. ಬೇರೆ ಗಂಡಸಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ನಿಘಂಟಪ್ಪನವರು ಕಾರ್ಡು ತಂದರು.

ಕಚೇರಿಯ ಪದ್ಧತಿಯೇ ಹಾಗೆ. ಪದವನ್ನು ಯಾರು, ಯಾವಾಗ, ಯಾವ ಸಂದರ್ಭದಲ್ಲಿ ಬಳಸಿದರು ಎಂದು ಒಂದೊಂದಕ್ಕೂ ಒಂದೊಂದು ಕಾರ್ಡು. ಒಂದು ಅರ್ಥಕ್ಕೆ ಮೂರು ಸಾಕ್ಷಿ ಸಿಗುವ ತನಕ ಅದು ಅರ್ಥವೇ ಅಲ್ಲ, ಬರೀ ಗಾಳಿಮಾತು. ಬಡಪಾಯಿ ಕಂಡಕ್ಟರಮ್ಮ ಫ್ಯಾನು ನಿಲ್ಲಿಸಿ ಎಂಬರ್ಥದಲ್ಲಿ ಮೂರು ಬೇರೆ ಬೇರೆ ದಿನ ರೈಟ್ ಅಂದು, ಮೂರು ದಿನವೂ ಚಳಿಯಲ್ಲಿ ನಡುಗಿದ ಮೇಲೆ ಹದಿನೇಳನೇ ಕಾರ್ಡು ಅಂಗೀಕಾರವಾಯಿತು: 'ಗಿಡ್ಡ ರೈಟ್, ಹುಬ್ಬು ಮೇಲೆ: ಫ್ಯಾನು ನಿಲ್ಲಿಸು.' ಮೂವತ್ನಾಲ್ಕು: 'ಎಳೆದ ರೈಟ್, ಮುಖ ಗೋಡೆಯ ಕಡೆ: ನನ್ನ ಪಾಡಿಗೆ ನನ್ನ ಬಿಡು.' ಐವತ್ತೆರಡು: 'ಮೆಲ್ಲನೆಯ ರೈಟ್, ಕಿಟಕಿಯಾಚೆ ಬಸ್ಸು ಹೋದಾಗ.' ಇದರ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರೆಯಲು ಹೋಗಿ ಕನ್ನಡಕ ಮಸುಕಾಗಿ, ಹಾಗೇ ಖಾಲಿ ಬಿಟ್ಟಿದ್ದರು.

ಏಳನೇ ತಿಂಗಳಿಗೆ ಅರವತ್ತೊಂದು ಅರ್ಥವಾಗಿತ್ತು. ಆಕೆ ಬಾಯಿ ತೆರೆಯುವ ಮುಂಚೆಯೇ ಇವರು ಲೋಟ ಹಿಡಿದು ನಿಂತಿರುತ್ತಿದ್ದರು. ಇಡೀ ಬೀದಿಯಲ್ಲಿ ಹೆಂಡತಿಯ ಮನಸ್ಸು ಅರಿತ ಗಂಡ ಇವರೊಬ್ಬರೇ ಎಂದು ಹೆಸರಾಯಿತು. ನಿಘಂಟಪ್ಪನವರಿಗೆ ಕೋಡು ಮೂಡಿತು. ಮಾತಿನ ಡಾಕ್ಟರನ್ನು ಕಾಣಲು ಹೋದ ದಿನ ಕಾರ್ಡಿನ ಪೆಟ್ಟಿಗೆಯನ್ನೂ ಕಂಕುಳಲ್ಲಿಟ್ಟುಕೊಂಡು ಹೋದರು.

ಕಂಡಕ್ಟರಮ್ಮ ಪಕ್ಕದ ಕೋಣೆಯಲ್ಲಿ ಕೈಯ ವ್ಯಾಯಾಮ ಮಾಡುತ್ತಿದ್ದರು. ಡಾಕ್ಟರಮ್ಮ ಕಾರ್ಡುಗಳನ್ನು ಒಂದೊಂದಾಗಿ ಓದಿದರು. ಎಲ್ಲ ಓದಿ ಮುಗಿಸಿ ಪೆಟ್ಟಿಗೆ ಮುಚ್ಚಿದರು.

"ತುಂಬ ಪ್ರೀತಿಯಿಂದ ಮಾಡಿದ್ದೀರಿ ಸಾರ್," ಎಂದರು. "ಇವರಿಗೆ ಎರಡನೇ ಮಾತು ಯಾಕೆ ಬಂದಿಲ್ಲ ಅನ್ನೋದು ನಂಗೆ ಇವತ್ತು ಗೊತ್ತಾಯ್ತು."

"ಯಾಕೆ ಡಾಕ್ಟ್ರೇ?"

"ಬೇಕಾಗೇ ಇಲ್ಲ. ಒಂದರಲ್ಲೇ ಎಲ್ಲ ಕೆಲಸ ಆಗ್ತಾ ಇದೆಯಲ್ಲ."

ನಿಘಂಟಪ್ಪನವರ ಮುಖ ಚಿಕ್ಕದಾಯಿತು.

"ಮೊದಲನೇ ವರ್ಷ ಬಹಳ ಮುಖ್ಯ ಸಾರ್. ಆಮೇಲೆ ಬರೋದೇ ಇಲ್ಲ ಅಂತಲ್ಲ, ಕಷ್ಟ ಆಗುತ್ತೆ. ಅವರು ಏನಾದ್ರೂ ಕೇಳಿದಾಗ ತಕ್ಷಣ ಓಡಬೇಡಿ. ಹತ್ತು ಎಣಿಸೋ ಅಷ್ಟು ಹೊತ್ತು ಕಾಯಿರಿ. ಇನ್ನೊಂದು ಮಾತು ಹುಡುಕೋಕೆ ಬಿಡಿ."

ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ ಅಂದದ್ದು. ಆದರೆ ನಿಘಂಟಪ್ಪನವರು ಯಾವ ಕೆಲಸವನ್ನು ತಾನೇ ಅರ್ಧಕ್ಕೆ ಬಿಟ್ಟವರು? ಏಳು ತಿಂಗಳು ತಾನೇ ಹೆಂಡತಿಯ ನಾಲಿಗೆ ಕಟ್ಟಿಹಾಕಿದೆ ಎಂಬ ಸಂಕಟ ಬೇರೆ. ದಾರಿಯುದ್ದಕ್ಕೂ ಯೋಚಿಸಿ, ನಾಳೆಯಿಂದ ತನಗೆ ಏನೂ ಅರ್ಥವಾಗಬಾರದು ಎಂದು ತೀರ್ಮಾನಿಸಿದರು. ಗುಟ್ಟು ಹೇಳಿದ್ದು ಮಗಳಿಗೆ ಮಾತ್ರ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ.

"ಅಪ್ಪ, ನಿಮಗೆ ನಾಟಕ ಬರಲ್ಲ. ಅಮ್ಮಂಗೆ ಹೇಳೇ ಮಾಡಿ," ಎಂದಳು ಮಗಳು.

"ಹೇಳಿದ್ರೆ ಅವಳು ನಕ್ಕುಬಿಡ್ತಾಳೆ ಕಣೇ. ಅವಳು ನಕ್ಕರೆ ನಾನು ಸೋತೆ."

ಮೊದಲ ದಿನ ಬೆಳಗ್ಗೆ ಕಂಡಕ್ಟರಮ್ಮ ಟೀ ಗುಟುಕರಿಸಿ, ಮೂಗು ಮುರಿದು "ರೈಟ್" ಎಂದರು. ಒಂಬತ್ತನೇ ಕಾರ್ಡು, ಸಕ್ಕರೆ ಹಾಕಿಲ್ಲ. ನಿಘಂಟಪ್ಪನವರು ಹೋಗಿ ಛತ್ರಿ ತಂದುಕೊಟ್ಟರು. ಆಕೆ ಛತ್ರಿ ನೋಡಿದರು, ಗಂಡನನ್ನು ನೋಡಿದರು, ಮತ್ತೆ "ರೈಟ್" ಎಂದರು. ಇವರು ಛತ್ರಿ ಬಿಚ್ಚಿ ಕೊಟ್ಟರು. ಆಕೆ ಹೊಟ್ಟೆ ಹಿಡಿದು ನಕ್ಕರು. ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಇವರಿಗೆ ಗೆದ್ದೆ ಅನ್ನಿಸಿತು.

ಎರಡನೇ ದಿನ ನಗು ಇರಲಿಲ್ಲ. ಬೆನ್ನಿಗೆ ದಿಂಬು ಕೇಳಿದರೆ ದಿನಪತ್ರಿಕೆ ಬಂತು, ಕಿಟಕಿ ತೆಗೆಯಲು ಹೇಳಿದರೆ ಬಾಗಿಲು ಮುಚ್ಚಿತು. ಕಂಡಕ್ಟರಮ್ಮ ಸೀಟು ಬಿಡದ ಪ್ರಯಾಣಿಕನನ್ನು ಗದರುವ ಗಂಟಲಲ್ಲಿ ರೈಟ್, ರೈಟ್, ರೈಟ್ ಎಂದರು. ತುಟಿ ಬೇರೇನೋ ಮಾತಿಗೆ ತಡಕಾಡಿ, ಸಿಗದೆ, ಮತ್ತೆ ಅದೇ ನಿಲ್ದಾಣಕ್ಕೆ ಬಂದು ನಿಂತಿತು. ನಿಘಂಟಪ್ಪನವರು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು ಬಂದು ಮತ್ತೆ ಪೆದ್ದನ ಮುಖ ಹಾಕಿದರು. ಹೆಂಡತಿಗೆ ಬೇಕಾದದ್ದು ಕಣ್ಣೆದುರೇ ಇದ್ದರೂ ಕೊಡದೆ ನಿಲ್ಲುವುದು ಅವರಿಗೆ ತಮ್ಮ ಕೈಯನ್ನು ತಾವೇ ಬಾಗಿಲಿಗೆ ಸಿಕ್ಕಿಸಿಕೊಂಡಷ್ಟು ನೋವು ಕೊಡುತ್ತಿತ್ತು.

ಮೂರನೇ ದಿನ ಆಕೆ ಏನೂ ಕೇಳಲಿಲ್ಲ. ಮಧ್ಯಾಹ್ನದ ತನಕ ಗಂಡನನ್ನೇ ನೋಡುತ್ತಾ ಕೂತರು. ಆಮೇಲೆ ಎದ್ದು, ಕಾಲೆಳೆಯುತ್ತಾ ಬಂದು, ಎಡಗೈಯಿಂದ ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ತುಟಿಯ ಎರಡೂ ಕೊನೆ ಮುಟ್ಟಿ ನೋಡಿದರು. ತಮ್ಮ ಎಡಗೈಯನ್ನು ಮೇಲೆತ್ತಿ ತೋರಿಸಿ, ನೀವೂ ಎತ್ತಿ ಎಂಬಂತೆ "ರೈಟ್?" ಎಂದರು. ಲಕ್ವ ಹೊಡೆದಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಮೊದಲ ದಿನ ಆಕೆಗೆ ಮಾಡಿಸಿದ ಪರೀಕ್ಷೆ ಅದು. ನಮ್ಮ ನಿಘಂಟಪ್ಪನವರಿಗೆ ಆ ಹೊತ್ತಿನಲ್ಲಿ ಅದು ಹೊಳೆಯಲೇ ಇಲ್ಲ. ಏನೂ ಅರ್ಥವಾಗಬಾರದು ಎಂಬ ನಿಷ್ಠೆಯಲ್ಲಿ ಕೈ ಎತ್ತದೆ, ಕಣ್ಣು ಪಿಳಿಪಿಳಿ ಬಿಡುತ್ತಾ ಕೂತರು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವರು ಯಾವ ಪಾತ್ರವನ್ನೂ ಮಾಡಿರಲಿಲ್ಲ.

ಕಂಡಕ್ಟರಮ್ಮನ ಕಣ್ಣು ತುಂಬಿತು. ಹಾಸಿಗೆಯ ಮೇಲಿದ್ದ ತಮ್ಮ ಶಾಲು ತಂದು ಗಂಡನ ಹೆಗಲಿಗೆ ಹೊದಿಸಿದರು. ಅಂಗಿಯ ಗುಂಡಿ ಒಂದು ತಪ್ಪಿ ಹಾಕಿದ್ದನ್ನು ಒಂದೇ ಕೈಯಲ್ಲಿ, ಬಹಳ ಹೊತ್ತು ಹೆಣಗಿ, ಸರಿಮಾಡಿದರು.

ಸಂಜೆ ಮಗಳು ಬಂದಾಗ ಬಾಗಿಲು ತೆಗೆದದ್ದೇ ಅಮ್ಮ. ಏಳು ತಿಂಗಳಲ್ಲಿ ಆಕೆ ಯಾರ ಸಹಾಯವೂ ಇಲ್ಲದೆ ಹೊರಬಾಗಿಲ ತನಕ ಹೋದದ್ದು ಅದೇ ಮೊದಲು.

"ಏನಾಯ್ತಮ್ಮ? ಯಾಕೆ ಎದ್ದು ಬಂದೆ?"

"ರೈಟ್," ಎಂದು ಮಗಳ ಕೈ ಹಿಡಿದು ಒಳಗೆ ಎಳೆದರು. ಶಾಲು ಹೊದ್ದು ಕೂತಿದ್ದ ಗಂಡನ ಮುಂದೆ ನಿಲ್ಲಿಸಿದರು. ತಮ್ಮ ತಲೆ ಮುಟ್ಟಿ ತೋರಿಸಿ, ಗಂಡನ ತಲೆ ಮುಟ್ಟಿ ತೋರಿಸಿದರು. ತುಟಿ ನಡುಗಿತು, ಒಂದಕ್ಕೊಂದು ಅಂಟಿತು, ಬಿಟ್ಟಿತು, ಮತ್ತೆ ಅಂಟಿತು. ಕತ್ತಿನ ನರ ಉಬ್ಬಿತು.

"ಪ... ಪಾ... ಪಾಪ."

ಮಗಳು ಅಮ್ಮನ ತೋಳು ಹಿಡಿದುಕೊಂಡಳು.

"ಪಾಪ," ಎಂದರು ಕಂಡಕ್ಟರಮ್ಮ ಇನ್ನೊಂದು ಸಲ, ಈ ಸಲ ಸಲೀಸಾಗಿ. ಗಂಡನ ತಲೆಯನ್ನು ತಮ್ಮ ಹೊಟ್ಟೆಗೆ ಆನಿಸಿಕೊಂಡರು.

ನೀರು ಬೇಕಾದಾಗ ಬಾರದ ಮಾತು, ನೋವಾದಾಗ ಬಾರದ ಮಾತು, ಗಂಡನಿಗೆ ಬುದ್ಧಿ ಮಂಕಾಯಿತೆಂದು ಕಂಡಾಗ ಬಂದಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ. ನಿಘಂಟಪ್ಪನವರಿಗೆ ತಡೆಯಲಾಗಲಿಲ್ಲ.

"ಲೇ, ನಂಗೇನೂ ಆಗಿಲ್ಲ ಕಣೇ. ನೆಟ್ಟಗಿದ್ದೀನಿ. ನಿನ್ನ ಮಾತು ಬರಲಿ ಅಂತ ನಾಟಕ ಮಾಡ್ದೆ. ನೀನು ಹೇಳಿದ್ದೆಲ್ಲ ಅರ್ಥ ಆಗ್ತಿತ್ತು. ಕ್ಷಮಿಸಿಬಿಡೇ."

ಕಂಡಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ನಿಧಾನವಾಗಿ ಮಗಳ ಕಡೆ ತಿರುಗಿ ತಲೆಯಾಡಿಸಿದರು. ಸುಮ್ಮನೆ ಹೇಳ್ತಾರೆ, ಇಂಥ ಕಾಯಿಲೆಯವರಿಗೆ ತಮಗೇನಾಗಿದೆ ಎಂದು ತಮಗೇ ತಿಳಿಯುವುದಿಲ್ಲ ಎನ್ನುವ ಹಾಗಿತ್ತು ಆ ನೋಟ.

"ಅಪ್ಪ, ಇನ್ನೇನೂ ಮಾತಾಡಬೇಡಿ," ಎಂದಳು ಮಗಳು ಮೆಲ್ಲಗೆ. "ಮಾತಾಡಿದಷ್ಟೂ ನಿಮ್ಮ ಸ್ಥಿತಿ ಗಂಭೀರ ಆಗ್ತಾ ಇದೆ."

ಆ ರಾತ್ರಿಯ ಊಟಕ್ಕೆ ಮಗಳು ಅಮ್ಮನಿಗೆಂದು ಗಂಜಿ ಕಲಸಿ ತಂದಳು. ಕಂಡಕ್ಟರಮ್ಮ ಬಟ್ಟಲು ಕಸಿದುಕೊಂಡು ಗಂಡನ ಎದುರು ಕುರ್ಚಿ ಎಳೆದು ಕೂತರು. ಎಡಗೈಯಲ್ಲಿ ಚಮಚ ಹಿಡಿದರು. ಅರ್ಧ ಗಂಜಿ ಅಂಗಿಯ ಮೇಲೆ ಚೆಲ್ಲಿತು, ಅರ್ಧ ಗಡ್ಡದ ಮೇಲೆ. ಟವೆಲಿನಿಂದ ಒರೆಸಿ, ಇನ್ನೊಂದು ಚಮಚ ತುಂಬಿಸಿದರು. ಮದುವೆಯಾದಾಗಿನಿಂದ ತಾವು ಆಕೆಗೆ ಕೊಟ್ಟದ್ದು ಏನೇನು, ಕೊಡದೆ ಉಳಿಸಿಕೊಂಡದ್ದು ಏನೇನು ಎಂದು ನಿಘಂಟಪ್ಪನವರ ತಲೆಯಲ್ಲಿ ಹಾಯತೊಡಗಿತ್ತು. ಕಣ್ಣಿಂದ ನೀರಿಳಿದು ಗಂಜಿಗೆ ಉಪ್ಪಾಯಿತು.

"ಪಾಪ," ಎಂದರು ಕಂಡಕ್ಟರಮ್ಮ, ಚಮಚ ಮುಂದೆ ಹಿಡಿದು.

ಆ ಮಾತನ್ನು ಇನ್ನೊಂದು ಸಲ ಕೇಳುವ ಆಸೆಗೆ, ಮೂವತ್ತೊಂದು ವರ್ಷ ಪದಗಳಿಗೆ ಅರ್ಥ ಹೇಳಿದ ಮನುಷ್ಯ ಏನೂ ತಿಳಿಯದವರ ಹಾಗೆ ಬಾಯಿ ತೆರೆದರು.