ಆಪೂಸಿನ ಚಾಟ್ನಿ

ನಮ್ಮ ಮುತ್ತಜ್ಜ ತವನಪ್ಪನವರು ಹಗ್ಗ ಹರಿದುಕೊಂಡು ಓಡುತ್ತಿದ್ದ ಹೋರಿಯನ್ನು ಕೋಡು ಹಿಡಿದು ನಿಲ್ಲಿಸಿದವರು. ಅಜ್ಜ ಪಾಯಪ್ಪನವರು ಮಲಪ್ರಭೆ ದಂಡೆ ಮೀರಿ ಉಕ್ಕಿದಾಗ ಬೀಜದ ಭತ್ತದ ಚೀಲವನ್ನು ತಲೆಯ ಮೇಲೆ ಹೊತ್ತು ಈಜಿದವರು. ಆಚೆ ದಂಡೆಯಲ್ಲಿ ಬಿಚ್ಚಿದರೆ ಒಂದು ಕಾಳೂ ತೊಯ್ದಿರಲಿಲ್ಲವಂತೆ! ಅಪ್ಪ ಭರಮಣ್ಣನವರು ಒಬ್ಬರೇ ಗುದ್ದಲಿ ಹಿಡಿದು ಬಾವಿ ತೋಡಿದವರು. ಇಂಥವರ ರಕ್ತ ಮೈಯಲ್ಲಿ ಹರಿಯುತ್ತಿರುವಾಗ, ಎದೆಮಟ್ಟದ ಐದು ಮಾವಿನ ಗಿಡಗಳ ಚಾಟ್ನಿ ಮಾಡುವುದು ಈ ಪಾರೀಸನಿಗೆ ಯಾವ ಲೆಕ್ಕ?

ಚಾಟ್ನಿ ಎಂದರೆ ರುಬ್ಬಿ ತಿನ್ನುವುದಲ್ಲ. ಗಿಡ ಎಳೆಯದಾಗಿರುವಾಗಲೇ ಬೇಡದ ಟೊಂಗೆ ಕತ್ತರಿಸಿ ಅದನ್ನು ಸರಿದಾರಿಗೆ ಹಚ್ಚುವ ವಿದ್ಯೆ. ನನಗೆ ಇದನ್ನು ಯಾರೂ ಕಲಿಸಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ನನ್ನನ್ನು ಬಿಟ್ಟಿತು, ಕಲಿತದ್ದೆಲ್ಲ ಕಣ್ಣಿನಿಂದ. ದ್ರಾಕ್ಷಿ ತೋಟಗಳ ಬೇಲಿಯಾಚೆ ನಿಂತು ಒಂದಿಷ್ಟು ನೋಡಿದೆ, ಮೊಬೈಲಿನಲ್ಲಿ ಒಂದಿಷ್ಟು ನೋಡಿದೆ, ಉಳಿದದ್ದನ್ನು ನನ್ನ ತಲೆಯೇ ಹೆತ್ತಿತು. ನನ್ನ ಸೂತ್ರ ಸರಳ: ಒಂದು ಗಿಡಕ್ಕೆ ಒಬ್ಬನೇ ರಾಜ! ನೆಟ್ಟಗೆ ಮೇಲೇರುವ ಟೊಂಗೆಯನ್ನು ಉಳಿಸು. ಅದರೊಡನೆ ಪೈಪೋಟಿಗೆ ನಿಂತವನನ್ನು ಉರುಳಿಸು!

ನಮ್ಮ ಮನೆ ಬೆಳಗಾವಿಯಲ್ಲಿ. ಗಿಡಗಳಿರುವುದು ಖಾನಾಪುರದಲ್ಲಿ, ನನ್ನ ಹೆಂಡತಿ ಹೀರಾಬಾಯಿಗೆ ತವರಿನವರು ಕೊಟ್ಟ ತುಂಡು ಹೊಲದಲ್ಲಿ. ನಾಲ್ಕು ಗಿಡ ನರ್ಸರಿಯವು. ಐದನೆಯದರ ಮಾತೇ ಬೇರೆ. ಅವಳ ಅಪ್ಪ ಬೆಳೆಸಿದ್ದ ದೊಡ್ಡ ಆಪೂಸ್ ಮಾವಿನ ಮರ ರಸ್ತೆ ಅಗಲ ಮಾಡುವಾಗ ನೆಲಕ್ಕುರುಳಿತು. ಉರುಳುವ ಮುನ್ನ ಅದರ ಕಡ್ಡಿ ತೆಗೆದು ಕಸಿ ಕಟ್ಟಿದ ಕಲಮು ಇದು. ಆ ಮರದ್ದೆಂದು ಭೂಮಿಯ ಮೇಲೆ ಉಳಿದದ್ದು ಇದೊಂದೇ.

ರವಿವಾರ ಪೇಟೆಯಲ್ಲಿ ಹೊಸ ಕತ್ತರಿ ತಂದೆ. ಅಷ್ಟಮಿ, ಚತುರ್ದಶಿಯಂದು ಹಸಿರಿಗೆ ಕತ್ತರಿ ಹಚ್ಚುವ ಮನೆತನ ನಮ್ಮದಲ್ಲ. ಪಂಚಾಂಗ ನೋಡಿ, ಮೊದಲ ಮಳೆ ಬಿದ್ದು ಹೊಳವಾದ ಒಂದು ಮುಂಜಾನೆ ಇಬ್ಬರೂ ಬಸ್ಸು ಹತ್ತಿದೆವು.

"ನಾಕ ಗಿಡಾ ಏನರ ಮಾಡ್ಕೋರಿ. ನಮ್ಮ ಅಪ್ಪನ ಗಿಡಾ ಮಾತ್ರ ಮುಟ್ಟಬ್ಯಾಡ್ರಿ," ಅಂದಳು ಹೀರಾಬಾಯಿ.

"ಯಾಕ? ನನ್ನ ಕೈಯಾಗ ಕಸುವಿಲ್ಲೇನು?"

"ಕಸುವು ಭಾಳ ಐತಿ. ಅದಕ್ಕ ಹೇಳಾಕತ್ತೀನಿ!"

ಅಷ್ಟು ಹೇಳಿ ಅವಳು ಬಾಜು ಹೊಲದ ಮೈಲಾರಲಿಂಗನ ಮನೆಗೆ ಚಹಾ ತರಲು ಹೋದಳು. ನಾನು ಕೆಲಸಕ್ಕಿಳಿದೆ. ನಾಲ್ಕೂ ಗಿಡಗಳು ಕ್ಷೌರ ಮುಗಿಸಿದ ಮದುಮಕ್ಕಳಂತೆ ಕಳಕಳೆಯಾಗಿ ನಿಂತವು. ಕೈಗೆ ಹುಮ್ಮಸ್ಸು ಬಂದಿತ್ತು. ಮಾವನವರ ಗಿಡವೊಂದೇ ತಲೆಗೆದರಿಕೊಂಡು ನಿಂತಿದ್ದರೆ ಅಳಿಯನಿಗೆ ಅವಮಾನವಲ್ಲವೇ?

ಅದರಲ್ಲಿ ಇಬ್ಬರು ರಾಜರಿದ್ದರು! ಒಬ್ಬ ನೆಟ್ಟಗೆ, ಪುಷ್ಟವಾಗಿ, ಪೈಲವಾನನಂತೆ ನಿಂತಿದ್ದ. ಇನ್ನೊಬ್ಬ ಬಡಕಲ, ಬಾಜುಕ್ಕೆ ವಾಲಿದ್ದ. ತೀರ್ಪು ಸ್ಪಷ್ಟವಿತ್ತು. ಆದರೆ ಬಡಕಲನ ಮೈಮೇಲೆ ಇರುವೆಗಳ ಸಾಲು. ನಾವು ಜೈನರು! ಒಣ ಎಲೆ ಹಿಡಿದು ಒಂದೊಂದನ್ನೂ ಮೆಲ್ಲಗೆ ಇಳಿಸಿ ಬದುವಿಗೆ ಬಿಟ್ಟೆ. ಕಾಲು ತಾಸು ಹಿಡಿಯಿತು. ಒಂದು ಇರುವೆಯ ಮೀಸೆಯೂ ಕೊಂಕಲಿಲ್ಲ. ಆಮೇಲೆ, ಕಚಕ್!

ಚಹಾದ ಕಿಟ್ಲಿ ಹಿಡಿದ ಹೀರಾಬಾಯಿಯ ಹಿಂದೆ ಮೈಲಾರಲಿಂಗನೂ ಬಂದ. ಗಿಡದ ಬುಡಕ್ಕೆ ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ.

"ಪಾರೀಸಣ್ಣಾರ, ಇದರ ಕಲಮು ಎಲ್ಲೈತ್ರಿ?"

"ಎದುರಿಗೇ ನಿಂತೈತಲ್ಲೋ, ಪೈಲವಾನ!"

"ಅದು ಕಸಿ ಕಟ್ಟಿದ ಗಂಟಿನ ಕೆಳಗಿಂದ ಎದ್ದ ಕಾಡಮಾವ್ರಿ. ಗಂಟಿನ ಮ್ಯಾಲಿಂದ ಆಪೂಸ. ನೀವು ಕಾಡಮಾವು ಇಟ್ಕೊಂಡು ಆಪೂಸ ಕಡದೀರಿ! ಇದು ಚಾಟ್ನಿ ಅಲ್ರಿ, ಚಟ್ನಿ!"

ರಾಜನ ತಲೆ ಕಡಿದು ಕಳ್ಳನಿಗೆ ಪಟ್ಟ ಕಟ್ಟಿದ್ದೆ! ಹೀರಾಬಾಯಿ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಕಿಟ್ಲಿ ಕೆಳಗಿಟ್ಟು, ಬಿದ್ದ ಟೊಂಗೆಯನ್ನು ಕೂಸಿನಂತೆ ಎತ್ತಿಕೊಂಡಳು.

"ಹೀರಾ, ಏನರ ಅನ್ನು..."

"ಯಾವ ಕಲಮು ಹಚ್ಚಲಿ ನಿಮಗ?" ಅಂದಳು. ನಮ್ಮ ಕಡೆ ಕಸಿಯೂ ಕಲಮು, ಪೊಲೀಸರು ಹಚ್ಚುವ ಕಾಯಿದೆಯೂ ಕಲಮು! "ಕಡದು ಎಷ್ಟೊತ್ತಾತು?"

"ಹತ್ತು ಮಿಂಟ."

"ಹಂಗಾರ ಇನ್ನೂ ಜೀವ ಐತಿ."

"ಅಕ್ಕಾರ, ನರ್ಸರಿಯವನ್ನ ಕರೀಲೇನ್ರಿ?" ಅಂದ ಮೈಲಾರಲಿಂಗ. ಅಷ್ಟರಲ್ಲಿ ಹೀರಾಬಾಯಿ ಚೀಲದಿಂದ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದಳು. ನಾನು ಪಟ್ಟ ಕಟ್ಟಿದ್ದ ಪೈಲವಾನನ ತಲೆ ಹಾರಿಸಿ, ನಿಂತ ಕಡ್ಡಿಯ ನಡುವೆ ನೆಟ್ಟಗೆ ಸೀಳಿದಳು. ಕಡಿದ ಟೊಂಗೆಯಿಂದ ಬೆರಳುದ್ದದ ತುದಿ ಆರಿಸಿ, ಎಲೆ ಕಳಚಿ, ಎರಡೂ ಬದಿ ಬೆಣೆಯಂತೆ ಹೆರೆದಳು. ತೊಗಟೆಯ ಕೆಳಗೆ ಎಳೆ ಹಸಿರು ತೇವ ಮಿನುಗಿತು. ಆ ಹಸಿರಿಗೆ ಈ ಹಸಿರು ಕೂಡುವಂತೆ ಸೀಳಿನಲ್ಲಿ ಕೂರಿಸಿ, ಚೀಲದಲ್ಲಿದ್ದ ಹಾಲಿನ ಖಾಲಿ ಪಾಕೀಟು ಹರಿದು ಬಿಗಿಯಾಗಿ ಸುತ್ತಿದಳು. ಅರವತ್ತೆಂಟರ ಆ ಕೈ ಒಂದು ಸುತ್ತನ್ನೂ ಬಿಚ್ಚಿ ಮತ್ತೆ ಕಟ್ಟಲಿಲ್ಲ.

"ಯಾರು ಕಲಿಸಿದ್ರು ನಿನಗ?"

"ನಮ್ಮ ಅಪ್ಪ. ಈ ಕಲಮು ಮೊದಲ ಕಟ್ಟಿದಾಕೀನೂ ನಾನ."

"ಇಷ್ಟು ವರ್ಷ ನನಗ ಹೇಳಲೇ ಇಲ್ಲಲ್ಲ!"

"ನೀವು ಹೇಳೂದು ನಿಂತ್ರಲ್ಲೇನ್ರಿ, ನಾ ಹೇಳೂದು!"

ಅಲ್ಲಿಂದ ಮೂರು ದಿನಕ್ಕೊಮ್ಮೆ ಖಾನಾಪುರದ ಬಸ್ಸು ಹತ್ತಿದೆ. ಹೋಗುವುದು, ಕೈ ಬೆನ್ನಿಗೆ ಕಟ್ಟಿಕೊಂಡು ನೋಡುವುದು, ಬರುವುದು. ಕಡ್ಡಿ ಕಡ್ಡಿಯಾಗಿಯೇ ನಿಂತಿತ್ತು. ಮನೆಯಲ್ಲಿ ಹೀರಾಬಾಯಿ ಬಾಗಿಲಿಗೆ ಬರುತ್ತಿದ್ದಳು. ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದಳು.

ಇಪ್ಪತ್ನಾಲ್ಕನೆಯ ದಿನ ಅವಳೂ ಜೊತೆಗೆ ಬಂದಳು. ಕಡ್ಡಿಯ ತುದಿಯಲ್ಲಿ ತಾಮ್ರದ ಬಣ್ಣದ್ದೊಂದು ಮಿಣುಕು! ಉಗುರಿನಷ್ಟೇ ಚಿಗುರು, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನೆಲಕ್ಕುರುಳಿದ ಮರ ಅದರೊಳಗಿನಿಂದ ಕಣ್ಣು ಬಿಡುತ್ತಿತ್ತು. ಬೆಳಗಾವಿ ಕೋಟೆಯ ಕಮಲ ಬಸದಿಯ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿದವನು ನಾನು. ಇದನ್ನು ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಮೊಣಕಾಲೂರಿ ನೋಡಿದೆ. ಹೀರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಳಗೆ, ಬುಡದ ಹತ್ತಿರ, ಹೊಸ ಕಾಡು ಚಿಗುರೊಂದು ಮೂತಿ ಹೊರಹಾಕಿತ್ತು. ನನ್ನ ಕೈ ಕಿಸೆಯಲ್ಲಿದ್ದ ಕತ್ತರಿಗೆ ಹೋಯಿತು.

"ಹೀರಾ, ಇದೊಂದು ನಾ ತೆಗಿತೀನಿ. ಈಗ ನನಗ ಖರೇನ ತಿಳದೈತಿ."

"ಬ್ಯಾಡ್ರಿ!" ಅಂದಳು ಅವಳು, ಕೈ ಚಾಚಿ ಕತ್ತರಿ ಕಸಿದುಕೊಂಡು. "ಆ ಬದುವಿನ ಮ್ಯಾಲ ಹೋಗಿ ಕುಂದರ್ರಿ. ನೀವು ಸುಮ್ಮ ಕುಂತಷ್ಟೂ ನನ್ನ ಗಿಡಕ್ಕ ಗೊಬ್ಬರ!"